ಓದಿದ ವಿದ್ಯೆಗೆ ಒರೆಗಲ್ಲಿನ ವರ್ಷ

ದೇಹದ ಗಾಯವು ಕಣ್ಣಿಗೆ ಕಾಣುತ್ತದೆ. ಮನಸ್ಸಿನ ಗಾಯವನ್ನು ಮಾತಿನ ಮೂಲಕವೇ ಅರಿಯಬೇಕಾಗುತ್ತದೆ. ಆದುದರಿಂದ ನೊಂದ ಮನಸ್ಸಿನ ಸೇವೆಗೆ ನಿಲ್ಲುವವರಿಗೆ ಶಾಸ್ತ್ರಜ್ಞಾನದೊಡನೆ ಹದಗೊಂಡ ಮಾತೂ ತಾಳ್ಮೆಯ ಕಿವಿಯೂ ಬೇಕು. ನಮ್ಮ ಸಮಾಜದ ಕೆಲವು ಮನೆತನಗಳ ಮಕ್ಕಳು ಇಂದು ಚಿಕಿತ್ಸಾ ಮನಶ್ಶಾಸ್ತ್ರವನ್ನು ಅಭ್ಯಸಿಸುತ್ತಿದ್ದಾರೆ. ಅದಕ್ಕಾಗಿ ಅಮೆರಿಕದವರೆಗೂ ಹೋದವರಿದ್ದಾರೆ. ನಾಲ್ಕೈದು ವರ್ಷ ಓದಿದ ಮಗಳು, ಡಾಕ್ಟರೇಟ್ ಕೈಗೆ ಬರಬೇಕಾದರೆ ಇನ್ನೂ ಒಂದು ವರ್ಷ ಇಂಟರ್ನ್‌ಶಿಪ್ ಮಾಡಬೇಕೆಂದಾಗ, "ಇಷ್ಟು ಓದಿದ್ದು ಸಾಲದೇನವ್ವಾ?" ಎಂದು ತಂದೆತಾಯಿಗಳು ಕೇಳುವುದು ಸಹಜ. ಆ ಒಂದು ವರ್ಷದ ಅರ್ಥವೇನೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ತಿಳಿಯಬೇಕು. ಮನೋವೈದ್ಯರು ವೈದ್ಯಶಾಸ್ತ್ರವನ್ನು ಓದಿ ಔಷಧೋಪಚಾರ ಮಾಡುವವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮನಸ್ಸಿನ ಪರೀಕ್ಷೆಗಳಿಂದ ತೊಂದರೆಯ ಸ್ವರೂಪವನ್ನು ಅಳೆದು, ಮಾತುಕತೆಯ ಕ್ರಮಬದ್ಧ ಚಿಕಿತ್ಸೆಯಿಂದ ಅದನ್ನು ಶಮನಗೊಳಿಸುವವರು. ಇಬ್ಬರೂ ಕೂಡಿ ದುಡಿಯುವುದೇ ರೋಗಿಗೆ ಹಿತ.

ಈ ಶಾಸ್ತ್ರದ ಮೊದಲ ಚಿಕಿತ್ಸಾಲಯವನ್ನು ಲೈಟ್ನರ್ ವಿಟ್ಮರ್ ಎಂಬ ವಿದ್ವಾಂಸರು 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ತೆರೆದರು. ಅಲ್ಲಿಗೆ ಮೊದಲು ಬಂದವನು ಕಾಗುಣಿತ ಕೈಹತ್ತದ ಒಬ್ಬ ಶಾಲಾಬಾಲಕ. ಎರಡನೆಯ ಮಹಾಯುದ್ಧ ಮುಗಿದಾಗ ಸಾವಿರಾರು ಸೈನಿಕರು ಮನಸ್ಸು ಜರ್ಜರಿತರಾಗಿ ಮರಳಿದರು. ಅವರನ್ನು ನೋಡಿಕೊಳ್ಳಲು ತರಬೇತಾದವರು ಸಾಲದಾದರು. ಅಲ್ಲಿಯ ಮಾಜಿ ಸೈನಿಕರ ಇಲಾಖೆಯು 1946ರಲ್ಲಿ ವ್ಯಾಪಕವಾದ ತರಬೇತಿಯನ್ನು ಆರಂಭಿಸಿತು. 1949ರಲ್ಲಿ ಕೊಲರಾಡೊದ ಬೌಲ್ಡರ್ ನಗರದಲ್ಲಿ ನೆರೆದ ಸಮ್ಮೇಳನವು ಡಾಕ್ಟರೇಟ್ ಪಡೆಯುವವನು ಸಂಶೋಧಕನೂ ಚಿಕಿತ್ಸಕನೂ ಆಗಿರಬೇಕು, ಅದಕ್ಕಾಗಿ ಒಂದು ವರ್ಷ ರೋಗಿಗಳ ನಡುವೆ ಪಳಗಬೇಕು ಎಂದು ನಿರ್ಣಯಿಸಿತು. ಇಂದಿನ ಇಂಟರ್ನ್‌ಶಿಪ್‌ಗೆ ಇದೇ ತಳಹದಿ.

ಆ ವರ್ಷದ ದಿನಚರಿ

ಇಂಟರ್ನ್‌ಶಿಪ್ ಸಾಮಾನ್ಯವಾಗಿ ಒಂದು ಪೂರ್ಣ ವರ್ಷದ, ಬಹುತೇಕ ಕಡೆ 2000 ಗಂಟೆಗಳ ದುಡಿಮೆ. ಆಸ್ಪತ್ರೆ, ಮಕ್ಕಳ ಚಿಕಿತ್ಸಾಲಯ, ವಿಶ್ವವಿದ್ಯಾಲಯದ ಸಮಾಲೋಚನ ಕೇಂದ್ರ, ಸೆರೆಮನೆ, ಹೀಗೆ ನಾನಾ ಸ್ಥಳಗಳಲ್ಲಿ ಇದು ನಡೆಯುತ್ತದೆ. ಕನಿಷ್ಠ ಕಾಲುಭಾಗದಷ್ಟು ಸಮಯ ನೊಂದವರ ಎದುರು ಕುಳಿತು ಮಾಡುವ ಸೇವೆಗೇ ಮೀಸಲು. ಅಮೆರಿಕದ ಮನಶ್ಶಾಸ್ತ್ರ ಸಂಘದ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ವಾರಕ್ಕೆ ಕನಿಷ್ಠ ನಾಲ್ಕು ಗಂಟೆ ಮೇಲ್ವಿಚಾರಣೆ ಇರಲೇಬೇಕು. ಅದರಲ್ಲಿ ಎರಡು ಗಂಟೆಯಾದರೂ ಒಬ್ಬ ಗುರು, ಒಬ್ಬ ಶಿಷ್ಯ ಎದುರುಬದುರು ಕುಳಿತು ವಿಚಾರಿಸುವಂಥದು. ಶಿಷ್ಯನು ಚಿಕಿತ್ಸೆ ನೀಡುವುದನ್ನು ಗುರುವು ಆಗಾಗ ಪ್ರತ್ಯಕ್ಷವಾಗಿಯೋ ಧ್ವನಿಮುದ್ರಣ, ಚಿತ್ರಮುದ್ರಣಗಳ ಮೂಲಕವೋ ನೋಡಬೇಕು.

ಇದರ ಅಗತ್ಯ ಒಂದು ಪ್ರಸಂಗವನ್ನು ಊಹಿಸಿಕೊಂಡರೆ ಮನದಟ್ಟಾಗುತ್ತದೆ. ಎದುರಿಗೆ ಕುಳಿತ ತರುಣನೊಬ್ಬನು ತಲೆತಗ್ಗಿಸಿ, "ಬದುಕು ಸಾಕಾಗಿದೆ, ಯಾರಿಗೂ ಹೇಳಬೇಡಿ" ಎನ್ನುತ್ತಾನೆ. ಹೊಸ ಚಿಕಿತ್ಸಕಿಯು ಹೆದರಿ ಮಾತು ಬದಲಿಸಿದರೆ ಅವನು ಮತ್ತೆ ಬಾಯಿ ತೆರೆಯಲಾರ. ಗುಟ್ಟು ಕಾಯುವೆನೆಂದು ಭಾಷೆ ಕೊಟ್ಟು ಸುಮ್ಮನಿದ್ದರೆ ಅವನ ಪ್ರಾಣಕ್ಕೇ ಅಪಾಯ. ಸಾಯುವ ಯೋಚನೆಯ ಬಗ್ಗೆ ನೇರವಾಗಿ, ಮೃದುವಾಗಿ ಕೇಳಬೇಕು. ಗುಟ್ಟಿಗೂ ಒಂದು ಮೇರೆಯುಂಟೆಂದು ತಿಳಿಸಬೇಕು. ಅಂದೇ ಮೇಲ್ವಿಚಾರಕರನ್ನು ಕಂಡು, ಅವನ ರಕ್ಷಣೆಯ ಏರ್ಪಾಡು ಮಾಡಬೇಕು. ಗ್ರಂಥದಲ್ಲಿ ಇದೆಲ್ಲವೂ ಬರೆದಿದೆ. ಎದೆ ಡವಗುಟ್ಟುವ ಗಳಿಗೆಯಲ್ಲಿ ಅದು ನೆನಪಿಗೆ ಬರಬೇಕಾದರೆ, ಹಿಂದೆ ಒಬ್ಬ ಅನುಭವಿ ನಿಂತಿರುವನೆಂಬ ಧೈರ್ಯ ಬೇಕು. ಶಿಷ್ಯೆಯ ತಪ್ಪಿಗೆ ಗುರುವೂ ಹೊಣೆಗಾರನಾಗಿರುವುದೇ ಈ ವ್ಯವಸ್ಥೆಯ ತಿರುಳು.

ಸ್ಥಳ ದೊರಕುವ ಬಗೆ

ಇಂಟರ್ನ್‌ಶಿಪ್ ಸ್ಥಾನವನ್ನು ಪಡೆಯುವುದು ಸುಲಭವಲ್ಲ. ವಿದ್ಯಾರ್ಥಿಗಳು ಅರ್ಜಿ ಹಾಕಿ, ಸಂದರ್ಶನ ಮುಗಿಸಿ, ತಾವು ಬಯಸುವ ಕೇಂದ್ರಗಳನ್ನು ಅನುಕ್ರಮವಾಗಿ ಬರೆದುಕೊಡುತ್ತಾರೆ. ಕೇಂದ್ರಗಳೂ ಹಾಗೆಯೇ ವಿದ್ಯಾರ್ಥಿಗಳ ಪಟ್ಟಿ ಕೊಡುತ್ತವೆ. 1999ರಿಂದ ಕಂಪ್ಯೂಟರ್ ಈ ಎರಡು ಪಟ್ಟಿಗಳನ್ನು ಹೊಂದಿಸುತ್ತಿದೆ. ಬಂದ ಫಲಿತಾಂಶಕ್ಕೆ ಉಭಯರೂ ಬದ್ಧರು. 2012ರ ಸುಮಾರಿಗೆ ಸ್ಥಾನಗಳ ಕೊರತೆ ಎಷ್ಟು ತೀವ್ರವಾಗಿತ್ತೆಂದರೆ, ಹೊಸ ಕೇಂದ್ರಗಳಿಗೆ ಮಾನ್ಯತೆ ದೊರಕಿಸಲು ಮನಶ್ಶಾಸ್ತ್ರ ಸಂಘವು 30 ಲಕ್ಷ ಡಾಲರುಗಳವರೆಗೆ ಧನಸಹಾಯವನ್ನು ಘೋಷಿಸಬೇಕಾಯಿತು. ಅನಂತರ ಆ ಕೊರತೆ ಬಹುಮಟ್ಟಿಗೆ ತಗ್ಗಿತು. ಆದರೆ ನಮ್ಮವರು ತಿಳಿದಿರಬೇಕಾದ ಮಾತೊಂದುಂಟು: ಮಾಜಿ ಸೈನಿಕರ ಇಲಾಖೆಯ ಸ್ಥಾನಗಳು ಆ ದೇಶದ ಪ್ರಜೆಗಳಿಗೆ ಮಾತ್ರ. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಆ ದೊಡ್ಡ ಬಾಗಿಲು ಮುಚ್ಚಿರುತ್ತದೆ. ಹೊರಡುವ ಮುನ್ನವೇ ಇದನ್ನು ವಿಚಾರಿಸಿಕೊಳ್ಳುವುದು ಕ್ಷೇಮ.

ನಮ್ಮ ನಾಡಿನಲ್ಲಿ

ನಮ್ಮಲ್ಲಿ ಇದರ ಕ್ರಮ ಬೇರೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡಿತು. ಅಲ್ಲಿಯೂ ಇತರ ಮಾನ್ಯ ಸಂಸ್ಥೆಗಳಲ್ಲಿಯೂ ಎರಡು ವರ್ಷದ ಎಂ.ಫಿಲ್. ತರಬೇತಿಯು ರೋಗಿಗಳ ನಡುವೆಯೇ ನಡೆಯುತ್ತ ಬಂದಿತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದರೆ ಯಾರೆಂಬುದನ್ನು ಹೇಳುವಾಗ, ಮೇಲ್ವಿಚಾರಣೆಯಲ್ಲಿ ಪಡೆದ ಚಿಕಿತ್ಸಾ ತರಬೇತಿಯನ್ನು ಸ್ಪಷ್ಟವಾಗಿ ಉಲ್ಲೇಖಿಸಿದೆ. ಸಂಶೋಧನೆಗಾಗಿ ಪಡೆದ ಪಿಎಚ್.ಡಿ. ಪದವಿಯೊಂದರಿಂದಲೇ ಯಾರೂ ಚಿಕಿತ್ಸಕರಾಗುವುದಿಲ್ಲ. ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದರೆ ಸಾಕೆಂದು ನಂಬುವ ಕುಟುಂಬಗಳು ಇದನ್ನು ಗಮನಿಸಬೇಕು. ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ಶರಣ ಪರಂಪರೆಯನ್ನು ಬಲ್ಲವರಿಗೆ ಈ ವಿಚಾರ ಹೊಸದೆನಿಸದು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಸಿದ್ಧರಾಮನನ್ನೂ ಅಕ್ಕಮಹಾದೇವಿಯನ್ನೂ ಪ್ರಶ್ನೆಗಳ ಒರೆಗಲ್ಲಿಗೆ ಹಚ್ಚುತ್ತಾನೆ. ಆ ಪ್ರಶ್ನೆಗಳ ಕಾಠಿಣ್ಯದ ಒಳಗೆ ಕರುಣೆಯಿದೆ. ಎದುರಿಗಿರುವವರ ನಿಲವು ಇನ್ನಷ್ಟು ಗಟ್ಟಿಗೊಳ್ಳಲಿ ಎಂಬ ಹಂಬಲವಿದೆ. ನಮ್ಮ ಮಠಗಳಲ್ಲಿಯೂ ವಟುವು ಗ್ರಂಥಗಳನ್ನು ಕಂಠಪಾಠ ಮಾಡಿದೊಡನೆ ಭಕ್ತರಿಗೆ ಬೋಧಿಸಲು ಹೊರಡುತ್ತಿರಲಿಲ್ಲ. ಹಿರಿಯರ ಹಿಂದೆ ಊರೂರು ತಿರುಗಿ, ಮನೆಮನೆಯ ಸುಖದುಃಖಗಳನ್ನು ಕಂಡು, ಎಲ್ಲಿ ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅರಿತುಕೊಳ್ಳಬೇಕಾಗಿತ್ತು. ಅರಿವು ಆಚಾರಕ್ಕಿಳಿಯುವ ದಾರಿ ಅದು.

ಆದಕಾರಣ ತಂದೆತಾಯಿಗಳು ಈ ವರ್ಷವನ್ನು ವ್ಯರ್ಥವೆಂದು ಎಣಿಸದಿರಲಿ. ದಿನವಿಡೀ ಪರರ ದುಃಖವನ್ನು ಕೇಳಿ ಬಳಲಿದ ಮಗಳು ರಾತ್ರಿ ಫೋನು ಮಾಡಿದಾಗ ಮದುವೆ, ಸಂಬಳಗಳ ಮಾತನ್ನು ಬದಿಗಿಟ್ಟು, "ಉಂಡೆಯೇನವ್ವಾ?" ಎಂದು ಕೇಳಲಿ. ಆಸ್ಪತ್ರೆಗೆ ಹೋದವರು ಎದುರಿಗೆ ಕುಳಿತವರು ತರಬೇತಿಯಲ್ಲಿರುವರೆಂದು ತಿಳಿದು ತಾತ್ಸಾರ ಮಾಡದಿರಲಿ. ಅವರ ಮೇಲ್ವಿಚಾರಕರು ಯಾರೆಂದು ತಿಳಿದುಕೊಂಡು, ವಿಶ್ವಾಸದಿಂದ ಮಾತಾಡಲಿ. ಇಂದು ನಾವು ತೋರುವ ತಾಳ್ಮೆಯಿಂದಲೇ ನಾಳೆಯ ಒಬ್ಬ ಒಳ್ಳೆಯ ಚಿಕಿತ್ಸಕರು ಸಿದ್ಧರಾಗುತ್ತಾರೆ. ನೊಂದವರ ಮಾತಿಗೆ ಕಿವಿಯಾಗುವುದು ದೊಡ್ಡ ದಾಸೋಹ. ಅದಕ್ಕೆ ಅಣಿಯಾಗುತ್ತಿರುವ ಮಕ್ಕಳಿಗೆ ಸಮಾಜದ ಹರಕೆ ಇರಲಿ.