ತಕ್ಕಡಿ ಏರಿದ ಹಳೇ ಹುಲಿ: ಎಂಟು ವರ್ಷದ ಬಾಕಿ ಒಂದೇ ಏಟಿಗೆ ವಸೂಲಿ!

ಚಿಕ್ಕಲಸಂದ್ರದ ದಿನಸಿ ಅಂಗಡಿಯವರಿಗೆ ನೂರು ಗ್ರಾಂ ಅಂದರೆ ಎಷ್ಟು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಪೊಟ್ಟಣ ಜೀರಿಗೆ, ಅಷ್ಟೇ. ತಕ್ಕಡಿ ಅಷ್ಟು ಅತ್ತಿತ್ತ ಆದರೆ ಒಳ್ಳೇ ಗಿರಾಕಿ "ಇರಲಿ ಬಿಡಿ" ಅಂದು ಚೀಲ ಎತ್ತಿಕೊಂಡು ಬಸ್ಸಿಗೆ ಓಡುತ್ತಾನೆ.

ಆದರೆ 2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್ಸಿನಲ್ಲಿ ಯಾರೂ "ಇರಲಿ ಬಿಡಿ" ಅನ್ನಲಿಲ್ಲ. ಕುಸ್ತಿಪಟು ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲ್ ತಲುಪಿದ್ದರು. ರಾತ್ರಿಯೆಲ್ಲ ಬೆವರು ಸುರಿಸಿದರು, ಕೂದಲನ್ನೂ ಕತ್ತರಿಸಿಕೊಂಡರು. ಆದರೂ ಯಂತ್ರ ನೂರು ಗ್ರಾಂ ಜಾಸ್ತಿ ತೋರಿಸಿತು. ಪದಕ ಕೈಬಿಟ್ಟಿತು. ಆ ದಿನ ಇಡೀ ದೇಶ ಕಣ್ಣೀರು ಹಾಕಿತು.

ತೂಕ ಇಳಿಸಲು ಹೋಗಿ ಕೆಟ್ಟವರ ಕಥೆ ಹೀಗೆ ಎಲ್ಲರಿಗೂ ಗೊತ್ತು. ತೂಕ ಏರಿಸಿ, ಅದೂ ತಲೆ ನರೆಯುವ ಹೊತ್ತಿಗೆ ಏರಿಸಿ, ತನ್ನನ್ನು ಸೋಲಿಸಿದವನನ್ನೇ ಮತ್ತೆ ಕಣಕ್ಕೆ ಕರೆದವರ ಕಥೆ ಎಷ್ಟು ಜನಕ್ಕೆ ಗೊತ್ತು?

ಈ ಪ್ರಶ್ನೆ ನಮ್ಮ ಕಡೆಗೂ ಸಂಬಂಧಪಟ್ಟದ್ದೇ. ಚಿಕ್ಕಲಸಂದ್ರ ಒಂದು ಕಾಲಕ್ಕೆ ಹಳ್ಳಿ. ಈಗ ಪದ್ಮನಾಭನಗರ ಎಲ್ಲಿ ಮುಗಿಯಿತು, ಉತ್ತರಹಳ್ಳಿ ಎಲ್ಲಿ ಶುರುವಾಯಿತು ಅಂತ ಬಸ್ಸಿನಲ್ಲಿ ಕೂತವನಿಗೆ ತಿಳಿಯೋದಿಲ್ಲ. ಇಂಥ ಬಡಾವಣೆಗಳಲ್ಲಿ ಕೆಳಗೆ ಅಂಗಡಿ, ಮೇಲಿನ ಮಹಡಿಯಲ್ಲಿ ಜಿಮ್ಮು. ಹುಡುಗರು ಬರುತ್ತಾರೆ, ಸರಿ. ನಲವತ್ತು ದಾಟಿದ ಯಜಮಾನರೂ ಹೊಟ್ಟೆ ಎಳೆದುಕೊಂಡು ಮೆಟ್ಟಿಲು ಹತ್ತುತ್ತಾರೆ. ಒಬ್ಬನಿಗೆ ತೂಕ ಇಳಿಯಬೇಕು, ಇನ್ನೊಬ್ಬನಿಗೆ ತೋಳು ದಪ್ಪ ಆಗಬೇಕು. ಇಬ್ಬರಿಗೂ ಅವಸರ!

ಕಣ್ಣಳತೆಯ ಕಾಲ

ನಮ್ಮ ನಾಡಿನ ಗರಡಿಗಳಿಗೆ ತೂಕದ ಯಂತ್ರ ಬಂದದ್ದು ತೀರಾ ಈಚೆಗೆ. ಹಳೇ ಕಾಲದ ನಾಡಕುಸ್ತಿಯಲ್ಲಿ ಹಿರಿಯ ಉಸ್ತಾದರು ಕೂತು ಜೋಡಿ ಕಟ್ಟುತ್ತಿದ್ದರು. ಇವನ ಎದೆ, ಅವನ ತೊಡೆ, ಇವನು ಹಿಂದೆ ಯಾರನ್ನು ಚಿತ್ ಮಾಡಿದ, ಅವನ ವಯಸ್ಸೆಷ್ಟು... ಎಲ್ಲವನ್ನೂ ಕಣ್ಣಲ್ಲೇ ತೂಗಿ "ಈ ಜೋಡಿ ಸರಿ" ಅನ್ನೋರು. ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಪದ್ಧತಿ ಈಗಲೂ ಉಂಟು. ವಿಜಯದಶಮಿ ದಿನ ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗಕ್ಕೂ ಮೊದಲೇ ಜೋಡಿ ಗೊತ್ತುಮಾಡುತ್ತಾರೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜೆಟ್ಟಿಗಳು ಇಳಿಯುತ್ತಾರೆ. ಮೊದಲ ರಕ್ತ ಕಂಡರೆ ಕಾಳಗ ಮುಗಿಯಿತು.

ಕರ್ನಾಟಕದಲ್ಲಿ ಬಾಕ್ಸಿಂಗಿಗೆ ಹತ್ತಿರದ ಹಳೇ ಆಟ ಅಂದರೆ ಇದೇ. ಅಲ್ಲಿ ಪಂದ್ಯ ಕ್ಷಣಾರ್ಧ. ಆದರೆ ರಿಂಗಿನ ಬಾಕ್ಸಿಂಗಿನಲ್ಲಿ ಮೂರು ಮೂರು ನಿಮಿಷದ ಹನ್ನೆರಡು ಸುತ್ತು ನಿಲ್ಲಬೇಕು. ಅಷ್ಟು ಹೊತ್ತು ಐದು ಕಿಲೋ ಹೆಚ್ಚಿನವನ ಗುದ್ದು ತಿನ್ನುವುದು ಅಂದರೆ ಹುಡುಗಾಟವಲ್ಲ. ಅದಕ್ಕೇ ಅಲ್ಲಿ ಎರಡು ಮೂರು ಕಿಲೋಗೆ ಒಂದೊಂದು ಮೆಟ್ಟಿಲು ಮಾಡಿಟ್ಟಿದ್ದಾರೆ. ಮೆಟ್ಟಿಲು ಹತ್ತಿದವನಿಗೆ ಊಟ ಸಲೀಸು, ಏಟು ದುಬಾರಿ.

ಮೇರಿ ಹತ್ತಿದ ಮೆಟ್ಟಿಲು

ನಮ್ಮ ದೇಶದಲ್ಲಿ ಈ ಮೆಟ್ಟಿಲು ಹತ್ತಿ ತೋರಿಸಿದವರು ಮಣಿಪುರದ ಮೇರಿ ಕೋಮ್. 2010ರ ಹೊತ್ತಿಗೆ ಐದು ವಿಶ್ವ ಪ್ರಶಸ್ತಿ ಗೆದ್ದಿದ್ದರು. ಎಲ್ಲವೂ 45ರಿಂದ 48 ಕಿಲೋ ಒಳಗೆ. 2012ರ ಲಂಡನ್ ಒಲಿಂಪಿಕ್ಸಿಗೆ ಮೊದಲ ಬಾರಿ ಮಹಿಳಾ ಬಾಕ್ಸಿಂಗ್ ಸೇರಿತು. ಆದರೆ ಇದ್ದದ್ದು ಮೂರೇ ವಿಭಾಗ: 51, 60, 75. ಮೇರಿಗೆ ಬೇರೆ ದಾರಿ ಇರಲಿಲ್ಲ. ಅವಳಿ ಮಕ್ಕಳ ತಾಯಿ, 29 ವರ್ಷ, ತನಗಿಂತ ಎತ್ತರದ ಹೆಣ್ಣುಮಕ್ಕಳ ಎದುರು ನಿಂತರು. ಕಂಚು ತಂದರು. 2019ರಲ್ಲಿ, 36ನೇ ವಯಸ್ಸಿನಲ್ಲಿ, ಅದೇ 51 ಕಿಲೋದಲ್ಲಿ ಮತ್ತೊಂದು ವಿಶ್ವ ಕಂಚು ಗೆದ್ದರು.

ಮೇರಿ ಹತ್ತಿದ್ದು ನಿಯಮ ತಳ್ಳಿದ್ದಕ್ಕೆ. ಸೇಡು ತೀರಿಸಿಕೊಳ್ಳಲೆಂದೇ ಹತ್ತಿದವನು ಇನ್ನೊಬ್ಬ. ಬಾಕ್ಸಿಂಗ್ ಬಲ್ಲವರು ಈಗಲೂ ಚಪ್ಪರಿಸಿ ಹೇಳುವ ಕಥೆ ಅದು.

ಲೆಕ್ಕ ಬರೆಯುವವನ ಬಾಕಿ

ಮೆಕ್ಸಿಕೋ ನಗರದ ಹ್ವಾನ್ ಮ್ಯಾನುಯೆಲ್ ಮಾರ್ಕೆಜ್. ಹುಟ್ಟಿದ್ದು 1973. ಓದಿದ್ದು ಲೆಕ್ಕಪತ್ರ. ಬಾಕ್ಸಿಂಗಿನಲ್ಲಿ ಹೊಟ್ಟೆ ತುಂಬುವ ತನಕ ಅಕೌಂಟೆಂಟ್ ಕೆಲಸವನ್ನೂ ಮಾಡಿದವನು. ರಿಂಗಿನಲ್ಲೂ ಅವನದು ಲೆಕ್ಕಾಚಾರದ ಆಟವೇ. ಎದುರಾಳಿ ಮೊದಲು ಗುದ್ದಲಿ, ಆ ಗುದ್ದಿನ ಸಂದಿಯಲ್ಲಿ ತನ್ನದು ನುಗ್ಗಬೇಕು.

ಇವನ ಪಾಲಿನ ಶನಿ ಫಿಲಿಪೀನ್ಸಿನ ಮ್ಯಾನಿ ಪಕ್ಯಾವ್. ಎಡಗೈ ಹುಲಿ, ಗಾಳಿಯಂಥ ವೇಗ.

ಮೊದಲ ಭೇಟಿ 2004ರ ಮೇ 8, ಲಾಸ್ ವೇಗಸ್. ತೂಕದ ಮಿತಿ 126 ಪೌಂಡು, ಅಂದರೆ 57 ಕಿಲೋ. ಮೊದಲ ಸುತ್ತಿನಲ್ಲೇ ಮಾರ್ಕೆಜ್ ಮೂರು ಸಲ ನೆಲಕ್ಕೆ! ಬೇರೆಯವನಾಗಿದ್ದರೆ ಮನೆಗೆ ಹೋಗುತ್ತಿದ್ದ. ಇವನು ಎದ್ದ. ಮೂಗಿನಲ್ಲಿ ರಕ್ತ ಸುರಿಸಿಕೊಂಡೇ ಉಳಿದ ಸುತ್ತುಗಳಲ್ಲಿ ಒಂದೊಂದೇ ಅಂಕ ಜಮಾ ಮಾಡಿದ. ಫಲಿತಾಂಶ ಸಮ. ಮೊದಲ ಸುತ್ತಿಗೆ ಅಂಕ ಹಾಕುವಾಗ ತಾನು ತಪ್ಪಿದೆ ಅಂತ ಒಬ್ಬ ತೀರ್ಪುಗಾರ ಆಮೇಲೆ ಒಪ್ಪಿಕೊಂಡ. ಆ ಒಂದು ಅಂಕ ಸರಿಯಾಗಿದ್ದರೆ ಗೆಲುವು ಪಕ್ಯಾವ್‌ದು.

ಎರಡನೇ ಭೇಟಿ 2008ರ ಮಾರ್ಚ್ 15. ಮಿತಿ 130 ಪೌಂಡು. ಒಬ್ಬ ತೀರ್ಪುಗಾರ ಇವನಿಗೆ, ಒಬ್ಬ ಅವನಿಗೆ. ಮೂರನೆಯವನ ಚೀಟಿಯಲ್ಲಿ ಒಂದೇ ಅಂಕದ ಅಂತರ. ಗೆದ್ದವನು ಪಕ್ಯಾವ್.

ಒಂದು ಅಂಕ! ನೂರು ಗ್ರಾಂನಷ್ಟೇ ಸಣ್ಣದು, ಅಷ್ಟೇ ಭಾರದ್ದು.

ಅವಸರದ ತೂಕ, ಆನೆ ನಡಿಗೆ

ಆಮೇಲೆ ಪಕ್ಯಾವ್ ಮೆಟ್ಟಿಲ ಮೇಲೆ ಮೆಟ್ಟಿಲು ಹತ್ತಿ 147 ಪೌಂಡಿನ ವೆಲ್ಟರ್‌ವೇಟಿಗೆ ಹೋಗಿಬಿಟ್ಟ. ಅಂದರೆ 66 ಕಿಲೋ ಮೇಲೆ. ಹಳೇ ಬಾಕಿ ವಸೂಲಾಗಬೇಕಾದರೆ ಮಾರ್ಕೆಜ್ ಅಲ್ಲಿಗೇ ಹೋಗಬೇಕು. ಸಾಲಗಾರ ಊರು ಬದಲಾಯಿಸಿದರೆ ಸಾಲ ಕೊಟ್ಟವನೂ ಬಸ್ಸು ಹತ್ತಬೇಕಲ್ಲ!

ಆದರೆ ಅದಕ್ಕೂ ಮೊದಲು ಇನ್ನೊಂದು ಪಾಠ ಕಾದಿತ್ತು. 2009ರ ಸೆಪ್ಟೆಂಬರ್ 19ರಂದು, ಆಗ 135 ಪೌಂಡಿನಲ್ಲಿ ಆಡುತ್ತಿದ್ದ ಮಾರ್ಕೆಜ್, ಫ್ಲಾಯ್ಡ್ ಮೇವೆದರ್ ಎದುರು ನಿಂತ. ಒಪ್ಪಂದದ ಮಿತಿ 144. ಮೇವೆದರ್ 146 ತೂಗಿದ. ಜಾಸ್ತಿಯಾದ ಎರಡು ಪೌಂಡಿಗೆ ಆರು ಲಕ್ಷ ಡಾಲರ್ ದಂಡ ಕಕ್ಕಿ ನಗುತ್ತಾ ರಿಂಗಿಗೆ ಇಳಿದ! ಮಾರ್ಕೆಜ್ 142 ತೂಗಿದ್ದ. ಆದರೆ ಆ ತೂಕ ಅವನ ಮೈಗೆ ಒಗ್ಗಿರಲಿಲ್ಲ. ಕಾಲು ಏಳದು, ಕೈ ಮುಟ್ಟದು. ಎರಡನೇ ಸುತ್ತಿನಲ್ಲಿ ಒಮ್ಮೆ ಬಿದ್ದ. ಮೂವರು ತೀರ್ಪುಗಾರರೂ ಮೇವೆದರ್ ಕಡೆಗೇ ಕೈ ತೋರಿಸಿದರು.

ತಕ್ಕಡಿಯ ಮೇಲೆ ತೂಕ ಬಂತು, ತಾಕತ್ತು ಬರಲಿಲ್ಲ. ಮೂಟೆಗೆ ಹೊಟ್ಟು ತುಂಬಿದರೂ ಕಾಂಟಾ ತೂಕ ತೋರಿಸುತ್ತದೆ. ಅಕ್ಕಿ ಬೇಕೆಂದರೆ ಬೆಳೆಯಲು ಕಾಯಬೇಕು.

ಮೂವತ್ತೊಂಬತ್ತರ ಏಟು

ಮಾರ್ಕೆಜ್ ಕಾದ. ಹೊಸ ದೇಹದಾರ್ಢ್ಯ ಗುರುವನ್ನು ಹಿಡಿದ. 2011ರ ನವೆಂಬರ್ 12ರಂದು 144 ಪೌಂಡಿನ ಒಪ್ಪಂದದಲ್ಲಿ ಪಕ್ಯಾವ್ ಎದುರು ಮೂರನೇ ಬಾರಿ ನಿಂತಾಗ ಅವನಿಗೆ 38 ವರ್ಷ. ಈ ಸಲ ತೂಕ ಮೈಯೊಳಗೆ ಕೂತಿತ್ತು. ಕಾಲೂ ಆಡಿತು. ನೋಡಿದ ಬಹಳ ಜನ ಇವನೇ ಗೆದ್ದ ಅಂದರು. ಒಬ್ಬ ತೀರ್ಪುಗಾರ ಸಮ ಅಂದ, ಇಬ್ಬರು ಪಕ್ಯಾವ್ ಅಂದರು. ಕ್ರೀಡಾಂಗಣದಲ್ಲಿ ಬೊಬ್ಬೆಯೋ ಬೊಬ್ಬೆ.

2012ರ ಡಿಸೆಂಬರ್ 8. ನಾಲ್ಕನೇ ಭೇಟಿ. ಈಗ ಪೂರ್ತಿ 147ರ ಮಿತಿ. ಪಕ್ಯಾವ್ 147 ತೂಗಿದ, ಮಾರ್ಕೆಜ್ 143. ಇದನ್ನು ಗಮನಿಸಬೇಕು. ಮಿತಿ ಅಷ್ಟಿದೆ ಅಂತ ಅಷ್ಟನ್ನೂ ತುಂಬಿಕೊಳ್ಳಲಿಲ್ಲ ಅವನು. ಹೊರಬಲ್ಲಷ್ಟೇ ಹೊತ್ತ.

ಮೂರನೇ ಸುತ್ತಿನಲ್ಲಿ ಮಾರ್ಕೆಜ್‌ನ ಬಲಗೈ ಬೀಸಿಗೆ ಪಕ್ಯಾವ್ ಬಿದ್ದ. ಐದರಲ್ಲಿ ಪಕ್ಯಾವ್ ಏಟಿಗೆ ಮಾರ್ಕೆಜ್ ನೆಲ ಮುಟ್ಟಿದ. ಮುಖವೆಲ್ಲ ರಕ್ತ. ಆರನೇ ಸುತ್ತು ಮುಗಿಯಲು ಒಂದು ಸೆಕೆಂಡ್ ಬಾಕಿ. ಪಕ್ಯಾವ್ ಮುನ್ನುಗ್ಗಿದ. ಎಂಟು ವರ್ಷದಿಂದ ಲೆಕ್ಕ ಬರೆದಿಟ್ಟುಕೊಂಡಿದ್ದವನು ಆ ಸಂದಿಗೇ ಕಾದಿದ್ದ. ಬಲಗೈ ಹೋಯಿತು, ಅಷ್ಟೇ! ಪಕ್ಯಾವ್ ಮುಖ ಅಡಿಯಾಗಿ ಬಿದ್ದವನು ಸ್ವಲ್ಪ ಹೊತ್ತು ಕದಲಲೇ ಇಲ್ಲ.

ನಾಲ್ಕು ಪಂದ್ಯದಲ್ಲಿ ಮೊದಲ ಬಾರಿ ತೀರ್ಪುಗಾರರಿಗೆ ಕೆಲಸ ಇರಲಿಲ್ಲ.

ಗುಮಾನಿಯೂ ಹುಟ್ಟಿತು. ಈ ವಯಸ್ಸಿನಲ್ಲಿ ಇಷ್ಟು ತೋಳು ಹೇಗೆ ಬಂತು? ಆ ಹೊಸ ಗುರು ಹಿಂದೆ ಓಟಗಾರರಿಗೆ ನಿಷೇಧಿತ ಮದ್ದು ಒದಗಿಸಿ, ಆಮೇಲೆ ಅಮೆರಿಕ ಸರ್ಕಾರದ ಪರ ಸಾಕ್ಷಿ ಹೇಳಿದವನು. ಆದರೆ ಮಾರ್ಕೆಜ್ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲ. ಗುಮಾನಿ ಗುಮಾನಿಯಾಗಿಯೇ ಉಳಿಯಿತು, ಗೆಲುವು ಗೆಲುವಾಗಿ ಉಳಿಯಿತು.

ಎಲ್ಲರೂ ಮಾರ್ಕೆಜ್ ಅಲ್ಲ

ಇದನ್ನು ಓದಿ ನಾಳೆಯೇ ತೋಳು ತಟ್ಟುವವರು ಪನಾಮಾದ ರಾಬರ್ಟೊ ದುರಾನ್ ಕಥೆಯನ್ನೂ ಕೇಳಬೇಕು. 135 ಪೌಂಡಿನಲ್ಲಿ ರಾಜನಾಗಿದ್ದವನು ಮೇಲೆ ಮೇಲೆ ಹತ್ತುತ್ತಾ 1989ರ ಫೆಬ್ರವರಿಯಲ್ಲಿ, 37ನೇ ವಯಸ್ಸಿನಲ್ಲಿ, 160ರ ಮಿಡಲ್‌ವೇಟ್ ಪ್ರಶಸ್ತಿಯನ್ನೇ ಗೆದ್ದ. ಜಗತ್ತು ಬೆರಗಾಯಿತು. ಅದೇ ವರ್ಷ ಡಿಸೆಂಬರ್ 7ರಂದು ಇನ್ನೊಂದು ಮೆಟ್ಟಿಲು ಹತ್ತಿ ಹಳೇ ವೈರಿ ಶುಗರ್ ರೇ ಲೆನರ್ಡ್ ಎದುರು ಮೂರನೇ ಬಾರಿ ಇಳಿದ. 1980ರಲ್ಲಿ ಒಂದು ಗೆದ್ದು ಒಂದು ಸೋತಿದ್ದ ಲೆಕ್ಕ ಅದು. ಮನಸ್ಸಿತ್ತು, ಕಾಲು ಇರಲಿಲ್ಲ. ಹನ್ನೆರಡು ಸುತ್ತು ಲೆನರ್ಡ್ ಸುತ್ತಿಸಿ ಸುತ್ತಿಸಿ ಅಂಕ ಬಾಚಿಕೊಂಡ.

ವಯಸ್ಸಾದಂತೆ ಮೊದಲು ಹೋಗುವುದು ಕಾಲು. ಆಮೇಲೆ ಏಟು ತಪ್ಪಿಸಿಕೊಳ್ಳುವ ಚುರುಕು. ಗುದ್ದಿನ ಬಲ ಕೊನೆಗೆ ಹೋಗುವುದು ಅಂತ ಬಾಕ್ಸಿಂಗಿನ ಹಳಬರು ಹೇಳುತ್ತಾರೆ. ಹಾಗಾಗಿ ಮೆಟ್ಟಿಲು ಹತ್ತುವ ಹಳಬನಿಗೆ ಒಂದು ಲಾಭ ಇದೆ: ಉಪವಾಸ ಬಿದ್ದು, ನೀರು ಬಿಟ್ಟು ಮೈ ಒಣಗಿಸಬೇಕಾಗಿಲ್ಲ. ನಷ್ಟ ಏನೆಂದರೆ, ತಾನು ತಿನ್ನುವ ಪ್ರತಿ ಏಟಿನ ಹಿಂದೆ ಮೂರು ನಾಲ್ಕು ಕಿಲೋ ಹೆಚ್ಚು ಇರುತ್ತದೆ. ಅದು ತಲೆಗೆ ಬೀಳುವ ಏಟು ಅನ್ನುವುದನ್ನು ಮರೆಯಬಾರದು.

ಇಳಿಸುವವರ ಪಾಡು ಇನ್ನೂ ಕಷ್ಟ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಸುಮಾರು ಒಂದು ತಿಂಗಳ ಅಂತರದಲ್ಲಿ ಮೂವರು ಕಾಲೇಜು ಕುಸ್ತಿ ಹುಡುಗರು ತೂಕ ಇಳಿಸಲು ಬೆವರು ಹರಿಸುತ್ತಲೇ ಸತ್ತರು. ಆಮೇಲೆ ಅಲ್ಲಿ ನಿಯಮ ಬದಲಾಯಿತು. ಜೀವ ವಾಪಸು ಬರಲಿಲ್ಲ.

ನಮ್ಮ ಕಡೆಯ ಹುಡುಗರಿಗೂ ಈಗ ಬಾಕ್ಸಿಂಗ್ ದೂರದ ಮಾತಲ್ಲ. ಕರ್ನಾಟಕದ ಪರವಾಗಿ ಆಡಿದ ನಿಶಾಂತ್ ದೇವ್ 2023ರಲ್ಲಿ 71 ಕಿಲೋ ವಿಭಾಗದಲ್ಲಿ ವಿಶ್ವ ಕಂಚು ಗೆದ್ದ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ದೊಡ್ಡ ತರಬೇತಿ ಸಂಸ್ಥೆಯೇ ಇದೆ. ಜಿಮ್ಮಿಗೆ ಮಗನನ್ನು ಕಳಿಸುವ ಅಪ್ಪ ಅಮ್ಮ ಫೀಸು ಎಷ್ಟು ಅಂತ ಕೇಳುತ್ತಾರೆ. ಅದರ ಜತೆಗೆ ಇನ್ನೊಂದು ಮಾತು ಕೇಳಿದರೆ ಒಳ್ಳೆಯದು: "ಸಾರ್, ಇವನ ತೂಕ ಇಳಿಸೋದಾಗಲಿ ಏರಿಸೋದಾಗಲಿ, ಎಷ್ಟು ತಿಂಗಳಲ್ಲಿ ಮಾಡಿಸ್ತೀರಿ?" ಒಂದು ವಾರ ಅಂದರೆ ಮಗನ ಕೈ ಹಿಡಿದು ಮೆಟ್ಟಿಲು ಇಳಿಯಬಹುದು.

ಮಾರ್ಕೆಜ್‌ಗೆ ಐದನೇ ಪಂದ್ಯ ಆಡು ಅಂತ ಆಮೇಲೆ ಒತ್ತಾಯ ಬಂತು. ದುಡ್ಡು ಕೋಟಿಗಟ್ಟಲೆ ಕಾದಿತ್ತು. ಅವನು ಒಪ್ಪಲಿಲ್ಲ, 2017ರಲ್ಲಿ ನಿವೃತ್ತಿ ಹೇಳಿದ. ಬಾಕಿ ಚುಕ್ತಾ ಆದ ಮೇಲೆ ಲೆಕ್ಕದ ಪುಸ್ತಕ ಮುಚ್ಚಬೇಕು ಅನ್ನುವುದು ಅಕೌಂಟೆಂಟಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರುತ್ತದೆ?