ಹಳೆಯ ಗಣಕಯಂತ್ರದ ಹಾರ್ಡ್ ಡಿಸ್ಕ್ ಬದಲಾವಣೆ: ಕನ್ನಡ ಕಡತಗಳ ದೃಷ್ಟಿಯಿಂದ

ಹೊರನಾಡಿನಲ್ಲಿ ಕನ್ನಡ ಸಂಶೋಧನೆಯಲ್ಲಿ ತೊಡಗಿದವರ ಮನೆಗಳಲ್ಲಿ 386 ಅಥವಾ 486 ಮಾದರಿಯ ಗಣಕಯಂತ್ರಗಳು ಇಂದಿಗೂ ಅಲ್ಲೊಂದು ಇಲ್ಲೊಂದು ಉಳಿದಿರುವುದುಂಟು. ಪದಕೋಶದ ಟಿಪ್ಪಣಿಗಳು, ಶಾಸನಪಾಠಗಳು, ಮುಗಿಯದೆ ಉಳಿದ ಪ್ರಬಂಧಗಳು ಅವುಗಳಲ್ಲಿ ಇರಬಹುದು. ಮುದ್ರಿತ ಪ್ರತಿ ಇಲ್ಲದಿದ್ದಲ್ಲಿ ಆ ಯಂತ್ರದ ಹಾರ್ಡ್ ಡಿಸ್ಕೇ ಮೂಲ ಹಸ್ತಪ್ರತಿ. ಓಲೆಗರಿಗೆ ಹುಳು ಹಿಡಿಯುವಂತೆ ಅದಕ್ಕೂ ಮುಪ್ಪು ಹಿಡಿಯುತ್ತದೆ. ಇಂತಹ ಡಿಸ್ಕನ್ನು ಬದಲಿಸುವ ಕ್ರಮವನ್ನೂ ಅದರಲ್ಲಿರುವ ಕನ್ನಡ ಕಡತಗಳನ್ನು ಉಳಿಸಿಕೊಳ್ಳುವ ಬಗೆಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ರೋಗನಿದಾನ. ಡಿಸ್ಕಿನೊಳಗೆ ಕಾಂತೀಯ ಲೇಪನವುಳ್ಳ ತಟ್ಟೆಗಳು ನಿಮಿಷಕ್ಕೆ 3,600 ಅಥವಾ ಅದಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಓದುವ ತಲೆಗಳು ತಟ್ಟೆಗೆ ಅಂಟಿಕೊಳ್ಳಬಹುದು. ಬೇರಿಂಗ್ ಸವೆದಿದ್ದರೆ ಕರ್ಕಶ ಸದ್ದು ಬರುತ್ತದೆ. ಆದರೆ ಡಿಸ್ಕ್ ಕಾಣಿಸುತ್ತಿಲ್ಲವೆಂದ ಮಾತ್ರಕ್ಕೆ ಅದು ಸತ್ತಿದೆಯೆಂದು ತೀರ್ಮಾನಿಸಲಾಗದು. ನಾವೇ ಒಮ್ಮೆ ಅಂತಹ ಡಿಸ್ಕೊಂದನ್ನು ಕೈಬಿಟ್ಟು, ಅನಂತರ ದೋಷವಿದ್ದುದು ಬ್ಯಾಟರಿಯಲ್ಲಿ ಎಂಬುದನ್ನು ಕಂಡುಕೊಂಡೆವು. ಡಿಸ್ಕಿನ ಸಿಲಿಂಡರ್, ತಲೆ ಮತ್ತು ಸೆಕ್ಟರುಗಳ ಸಂಖ್ಯೆಯನ್ನು ಯಂತ್ರವು ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುತ್ತದೆ. ಬ್ಯಾಟರಿ ಬರಿದಾದರೆ ಡಿಸ್ಕ್ ಸರಿಯಿದ್ದರೂ ಯಂತ್ರ ಅದನ್ನು ಗುರುತಿಸುವುದಿಲ್ಲ. ಮೂಲಫಲಕಕ್ಕೆ ಬೆಸೆದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಾದರೆ ಅದರ ಕ್ಷಾರ ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಅದನ್ನು ತೆಗೆಯುವುದೇ ಮೊದಲ ಕೆಲಸ. ಡಿಸ್ಕಿನ ಮೇಲಿನ ಚೀಟಿಯಲ್ಲಿ ಆ ಸಂಖ್ಯೆಗಳು ಇದ್ದರೆ ಬರೆದಿಟ್ಟುಕೊಳ್ಳತಕ್ಕದ್ದು.

ಎರಡನೆಯ ಹಂತ ಪ್ರತೀಕರಣ. ಹೊಸದನ್ನು ಜೋಡಿಸುವ ಮೊದಲು ಹಳೆಯದರ ಪೂರ್ಣ ಪ್ರತಿಯನ್ನು ತೆಗೆಯಬೇಕು. ಯುಎಸ್‌ಬಿ ಸಂಪರ್ಕದ ಅನೇಕ ಸಾಧನಗಳು ಡಿಸ್ಕಿನ ಸೆಕ್ಟರುಗಳನ್ನು ಒಂದೇ ಸರಣಿಯಲ್ಲಿ ಎಣಿಸುವ ಎಲ್‌ಬಿಎ ಕ್ರಮವನ್ನಷ್ಟೇ ಬಲ್ಲವು. 1990ರ ದಶಕದ ಆರಂಭದ ಡಿಸ್ಕುಗಳಲ್ಲಿ ಹಲವಕ್ಕೆ ಆ ಕ್ರಮ ತಿಳಿಯದು. ಆದಕಾರಣ 40 ಪಿನ್‌ಗಳ ಐಡಿಇ ಸಂಪರ್ಕವುಳ್ಳ ಯಂತ್ರವೊಂದರಲ್ಲಿ ಲಿನಕ್ಸ್ ನಡೆಸಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಪ್ರತಿ ತೆಗೆಯುವುದು ಲೇಸು. ಅದು ಸುಸ್ಥಿತಿಯ ಭಾಗಗಳನ್ನು ಮೊದಲು ಓದಿ, ಕೆಟ್ಟ ಭಾಗಗಳನ್ನು ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮುಪ್ಪಾದ ಡಿಸ್ಕಿಗೆ ಉಳಿದಿರುವ ಗಂಟೆಗಳು ಕೆಲವೇ ಆಗಿರಬಹುದಾದ್ದರಿಂದ ಈ ಅನುಕ್ರಮ ಮಹತ್ವದ್ದು. ಕಡತಗಳನ್ನು ತೆರೆದು ನೋಡುವ ಕುತೂಹಲವನ್ನು ಪ್ರತಿ ಮುಗಿಯುವವರೆಗೆ ತಡೆದುಕೊಳ್ಳಬೇಕು.

ಮೂರನೆಯದು ಬದಲಿ ಸಾಧನ. ಅದೇ ಕಾಲದ ಮತ್ತೊಂದು ಡಿಸ್ಕನ್ನು ಹಾಕಿದರೆ ಅದೂ ಅಷ್ಟೇ ಮುಪ್ಪಾದದ್ದು. 1994ರಲ್ಲಿ ಬಳಕೆಗೆ ಬಂದ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡಿಗೆ ಐಡಿಇ ಡಿಸ್ಕಿನಂತೆಯೇ ವರ್ತಿಸುವ ಸಾಮರ್ಥ್ಯವಿದೆ. ಸರಳವಾದ ಸಂಯೋಜಕವೊಂದು ಸಾಕು. ಚಪ್ಪಟೆ ತಂತಿಯ ಕೆಂಪು ಅಂಚು ಒಂದನೆಯ ಪಿನ್ನಿನ ಕಡೆಗಿರಬೇಕು. ಕಾರ್ಡನ್ನು ಮಾಸ್ಟರ್ ಸ್ಥಾನದಲ್ಲಿರಿಸಬೇಕು.

ಗಾತ್ರದ ವಿಷಯದಲ್ಲಿ ಎಚ್ಚರ ಅಗತ್ಯ. ಆ ಕಾಲದ ಬಯಾಸ್ 1,024 ಸಿಲಿಂಡರುಗಳವರೆಗೆ ಮಾತ್ರ ಎಣಿಸಬಲ್ಲದು. ಐಡಿಇ ಕ್ರಮ 16 ತಲೆಗಳಿಗೆ ಮಿತಿಗೊಂಡಿದೆ. ಒಂದೊಂದು ಪಥದಲ್ಲಿ ಬಯಾಸ್ ಒಪ್ಪುವ ಸೆಕ್ಟರುಗಳು 63. ಒಂದು ಸೆಕ್ಟರಿಗೆ 512 ಬೈಟ್‌ಗಳಂತೆ ಇವನ್ನು ಗುಣಿಸಿದರೆ ದೊರೆಯುವ ಮೊತ್ತ 52,84,82,304 ಬೈಟ್‌ಗಳು. ಇದಕ್ಕಿಂತ ದೊಡ್ಡ ಕಾರ್ಡಿನಲ್ಲಿ ಹೆಚ್ಚಿನ ಭಾಗ ಯಂತ್ರಕ್ಕೆ ನಿರುಪಯುಕ್ತ. ಹಾಗಾಗಿ ಸಣ್ಣ ಕಾರ್ಡೇ ಉತ್ತಮ. ಸಂಖ್ಯೆಗಳನ್ನು ಬಯಾಸ್‌ನಲ್ಲಿ ಕೈಯಿಂದಲೇ ತುಂಬಿ, ಎಫ್‌ಡಿಸ್ಕ್ ಮತ್ತು ಫಾರ್ಮ್ಯಾಟ್ ಆದೇಶಗಳಿಂದ ಕಾರ್ಡನ್ನು ಅಣಿಗೊಳಿಸಬೇಕು.

ಹಳೆಯ ಡಿಸ್ಕಿನ ಪ್ರತಿಯನ್ನು ಹಾಗೆಯೇ ಕಾರ್ಡಿನ ಮೇಲೆ ಬರೆಯುವುದು ಸುಲಭವೆಂದು ತೋರಬಹುದು. ಆದರೆ ಎರಡರ ತಲೆ, ಸೆಕ್ಟರುಗಳ ಸಂಖ್ಯೆ ಬೇರೆಯಾದರೆ ಯಂತ್ರ ತಪ್ಪು ಜಾಗದಲ್ಲಿ ಕಡತಗಳನ್ನು ಅರಸುತ್ತದೆ. ಪೂರ್ಣ ಪ್ರತಿ ಸಂರಕ್ಷಣೆಗೆ, ಕಡತಗಳ ನಕಲು ಬಳಕೆಗೆ ಎಂಬ ವಿಂಗಡಣೆ ಮಾಡಿಕೊಳ್ಳುವುದು ಯುಕ್ತ.

ಇಷ್ಟಾದರೂ ಕನ್ನಡ ಓದಲು ಬಂದೀತೆಂಬ ಭರವಸೆಯಿಲ್ಲ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಬಳಸಿ ಬರೆದ ಪಠ್ಯ ಇಸ್ಕಿ ಸಂಕೇತದಲ್ಲಿರುತ್ತದೆ. 1991ರಲ್ಲಿ ಇದು ಭಾರತೀಯ ಮಾನಕವಾಯಿತು. ಈ ಕ್ರಮದಲ್ಲಿ ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ ಸಂಕೇತ ಒಂದೇ. ಲಿಪಿ ಯಾವುದೆಂಬುದನ್ನು ಬೇರೆಯಾಗಿ ಸೂಚಿಸಬೇಕು. ಯೂನಿಕೋಡ್‌ನ ಕನ್ನಡ ವಿಭಾಗವೂ ಇಸ್ಕಿಯ 1988ರ ರೂಪವನ್ನೇ ಆಧರಿಸಿರುವುದರಿಂದ ಪರಿವರ್ತನೆ ಹೆಚ್ಚುಕಡಿಮೆ ನೇರ. ಫಾಂಟ್ ಆಧಾರಿತ ತಂತ್ರಾಂಶಗಳ ಸ್ಥಿತಿ ಭಿನ್ನ. ಅಲ್ಲಿ ಸಂಗ್ರಹವಾಗಿರುವುದು ಅಕ್ಷರವಲ್ಲ, ಅಕ್ಷರದ ತುಣುಕುಗಳ ಸಂಖ್ಯೆ. ಯಾವ ಸಂಖ್ಯೆಗೆ ಯಾವ ತುಣುಕು ಎಂಬುದನ್ನು ಹೇಳುವುದು ಆಯಾ ಫಾಂಟ್ ಮಾತ್ರ. ಕಡತವನ್ನು ಉಳಿಸಿಕೊಂಡು ಫಾಂಟನ್ನು ಕಳೆದುಕೊಂಡವರಿಗೆ ಉಳಿಯುವುದು ಬೀಗ, ಕೀಲಿಯಲ್ಲ. ಆದ್ದರಿಂದ ಬರಹಗಳ ಜೊತೆಗೆ ಫಾಂಟ್ ಮತ್ತು ತಂತ್ರಾಂಶದ ಕಡತಗಳನ್ನೂ ತಪ್ಪದೆ ನಕಲಿಸಬೇಕು.

ಕೊನೆಯದಾಗಿ ಒಂದು ಮಾತು. ತೆಗೆದ ಡಿಸ್ಕನ್ನು ಎಸೆಯಬಾರದು. ಅದು ಯಾರದು, ಯಾವ ಯಂತ್ರದ್ದು, ಯಾವ ದಿನ ಪ್ರತಿಮಾಡಲಾಯಿತು ಎಂಬ ಚೀಟಿಯೊಂದಿಗೆ ತೇವವಿಲ್ಲದ ಕಡೆ ಇರಿಸಬೇಕು. ಪ್ರತಿಯ ಎರಡು ನಕಲುಗಳು ಎರಡು ಬೇರೆ ಸ್ಥಳಗಳಲ್ಲಿರಲಿ. ಹಸ್ತಪ್ರತಿಗಳ ವಿಷಯದಲ್ಲಿ ನಾವು ತಡವಾಗಿ ಕಲಿತ ಪಾಠವನ್ನು ಈ ತಟ್ಟೆಗಳ ವಿಷಯದಲ್ಲಾದರೂ ಸಕಾಲದಲ್ಲಿ ಪಾಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.