ಬಿತ್ತುವ ಮೊದಲೇ ಕಳೆಗೆ ತಡೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಹಿಂಗಾರಿ ಜೋಳಕ್ಕೆಂದು ಮೀಸಲಿಟ್ಟ ಎರೆ ಹೊಲಗಳು ಮುಂಗಾರಿನ ತಿಂಗಳುಗಳಲ್ಲಿ ಬರಿದಾಗಿ ಕಾಣುತ್ತವೆ. ಸುತ್ತಲಿನ ತೊಗರಿ, ಉದ್ದು, ಸೋಯಾ ಹೊಲಗಳು ಹಸಿರಾಗಿರುವಾಗ ಇವು ಪಾಳು ಬಿದ್ದಿವೆಯೇನೋ ಎಂಬ ಭಾವನೆ ಹೊರಗಿನವರಿಗೆ ಬರಬಹುದು. ಆದರೆ ಮಾಘ, ಫಾಲ್ಗುಣಗಳಲ್ಲಿ ಕಣಕ್ಕೆ ಬರುವ ಜೋಳ ಎಷ್ಟೆಂಬುದು ಬಹುಮಟ್ಟಿಗೆ ಈ ತಿಂಗಳುಗಳಲ್ಲಿಯೇ ನಿರ್ಧಾರವಾಗುತ್ತದೆ.

ಉತ್ತರಾ, ಹಸ್ತಾ ಮಳೆಗಳ ಹದಕ್ಕೆ ಬಿತ್ತುವ ಮಾಲದಂಡಿ ಜೋಳ, ನೆಲದಲ್ಲಿ ಇಂಗಿ ನಿಂತ ತೇವದಿಂದಲೇ ತೆನೆಗಟ್ಟಬೇಕು. ಬಿತ್ತಿದ ಮೇಲೆ ದೊಡ್ಡ ಮಳೆಯ ಭರವಸೆ ಕಡಿಮೆ. ಮೃಗಶಿರಾ ಮಳೆಯಿಂದಾಚೆಗೆ ಹುಟ್ಟಿದ ಕಸವನ್ನು ಹಾಗೆಯೇ ಬಿಟ್ಟರೆ ಅದು ಆ ತೇವವನ್ನು ಹೀರಿ ಬೆಳೆಯುತ್ತದೆ. ಆಮೇಲೆ ಆಳು ಹಚ್ಚಿ ಕಸ ತೆಗೆಸಬಹುದು. ಅದು ಕುಡಿದ ನೀರನ್ನು ಮರಳಿ ನೆಲಕ್ಕೆ ತರಲಾಗದು.

ಕಳೆಯ ಮೂಲ ಮಣ್ಣಿನಲ್ಲಿ ಮಲಗಿರುವ ಬೀಜಗಳಲ್ಲಿದೆ. ಸಣ್ಣ ಬೀಜದ ಕಳೆಗಳಲ್ಲಿ ಹೆಚ್ಚಿನವು ಮೇಲಿನ ಎರಡು ಮೂರು ಸೆಂಟಿಮೀಟರ್ ಪದರಿನಿಂದಲೇ ಮೊಳೆಯುತ್ತವೆ. ಆಳದಲ್ಲಿರುವವು ವರ್ಷಗಟ್ಟಲೆ ಜೀವ ಹಿಡಿದುಕೊಂಡು, ಮಣ್ಣು ಮಗುಚಿದಾಗ ಮೇಲೆ ಬಂದು ಚಿಗುರುತ್ತವೆ. ಆದ್ದರಿಂದಲೇ ಪ್ರತಿ ಹದಮಳೆಯ ನಂತರ ಹೊಲವನ್ನು ಮೇಲುಮೇಲೆ ಹರಗುವ ಹಳೆಯ ಪದ್ಧತಿಗೆ ಅರ್ಥವಿದೆ. ಮಳೆ ಬೀಜವನ್ನು ಎಬ್ಬಿಸುತ್ತದೆ. ಮೊಳಕೆ ನೂಲೆಳೆಯಂತಿರುವಾಗಲೇ ಕುಂಟೆಯ ಕುಡ ಅದನ್ನು ಕತ್ತರಿಸುತ್ತದೆ. ಹೀಗೆ ಮೂರು ನಾಲ್ಕು ಸಲ ನಡೆದರೆ ಮೇಲ್ಪದರಿನ ಬೀಜಸಂಗ್ರಹ ಬಹಳಷ್ಟು ಕರಗುತ್ತದೆ, ನೆಲದ ಬಿರುಕುಗಳೂ ಮುಚ್ಚಿ ತೇವ ಉಳಿಯುತ್ತದೆ.

1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರುಗಳಲ್ಲಿ ಒಣ ಬೇಸಾಯದ ಸಂಶೋಧನೆ ಆರಂಭವಾಯಿತು. ಅದರ ಫಲವಾಗಿ ರೂಪುಗೊಂಡ ಮುಂಬಯಿ ಒಣ ಬೇಸಾಯ ಪದ್ಧತಿಯಲ್ಲಿ ಬದು ಹಾಕುವುದು, ಅಗಲ ಸಾಲಿನ ಬಿತ್ತನೆಗಳ ಜೊತೆಗೆ ಮತ್ತೆ ಮತ್ತೆ ಹರಗುವುದಕ್ಕೂ ಸ್ಥಾನ ದೊರೆಯಿತು.

ಇಂದು ಎತ್ತುಗಳು ಕಡಿಮೆಯಾಗಿವೆ. ಬಾಡಿಗೆಯ ಟ್ರ್ಯಾಕ್ಟರ್ ಹದ ಬಂದ ದಿನವೇ ಸಿಗುವುದಿಲ್ಲ. ಬಿತ್ತನೆಯ ಹೊತ್ತಿಗೆ ಒಮ್ಮೆ ಹರಗಿದರಾಯಿತು ಎಂದುಕೊಂಡವರ ಹೊಲದಲ್ಲಿ ಅಷ್ಟರೊಳಗೆ ಕಸ ಬೀಜ ಉದುರಿಸಿರುತ್ತದೆ. ಮುಂದಿನ ವರ್ಷಗಳ ಕೂಲಿಯ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಅಕ್ಕಪಕ್ಕದ ನಾಲ್ಕು ಮನೆಯವರು ಕೂಡಿ ಒಂದು ಜೋಡಿ ಎತ್ತನ್ನೋ ಟ್ರ್ಯಾಕ್ಟರನ್ನೋ ಮೊದಲೇ ಗೊತ್ತು ಮಾಡಿಕೊಂಡರೆ ಈ ತೊಡಕು ಕಡಿಮೆಯಾದೀತು.

ಕಳೆ ಮೊಳೆಯುವ ಮುನ್ನ ಸಿಂಪಡಿಸುವ ಔಷಧಗಳೂ ಇವೆ. ಜೋಳದಲ್ಲಿ ಬಿತ್ತಿದ 2-3 ದಿನಗಳೊಳಗೆ ಅಟ್ರಜಿನ್ ಬಳಸುವುದುಂಟು. ಆದರೆ ಮೇಲ್ಮಣ್ಣು ಒಣಗಿದ್ದರೆ ಅದು ಸರಿಯಾಗಿ ಕೆಲಸ ಮಾಡದು. ಜೋಳದ ಸಾಲುಗಳ ನಡುವೆ ಕಡಲೆಯನ್ನು ಬಿತ್ತಿದವರು ಅದನ್ನು ಬಳಸಲೇಬಾರದು, ಕಡಲೆಯೂ ಸುಟ್ಟುಹೋಗುತ್ತದೆ. ಪ್ರಮಾಣವನ್ನು ಕೃಷಿ ಅಧಿಕಾರಿಗಳಿಂದ ತಿಳಿದುಕೊಂಡೇ ಮುಂದುವರಿಯುವುದು ಲೇಸು.

ಜೇಕು, ಕರಿಕೆಗಳಿಗೆ ಮೇಲಿನ ಹರಗುವಿಕೆ ಸಾಲದು. ಗಡ್ಡೆ, ಬೇರುಗಳಿಂದ ಹಬ್ಬುವ ಇವುಗಳನ್ನು ಬೇಸಿಗೆಯಲ್ಲಿ ಆಳವಾಗಿ ಉತ್ತು, ಬಿಸಿಲಿಗೆ ಒಣಗಿಸಿ, ಆಯ್ದು ತೆಗೆಯಬೇಕು.

ಹೊಲಕ್ಕೆ ಬೀಜ ಬರುವ ದಾರಿಗಳನ್ನೂ ಮುಚ್ಚಬೇಕು. ಅರ್ಧ ಕೊಳೆತ ತಿಪ್ಪೆಗೊಬ್ಬರದೊಡನೆ ಕಳೆಬೀಜವೂ ಹೊಲ ಸೇರುತ್ತದೆ. ಒಳಗೆ ಚೆನ್ನಾಗಿ ಕಾವೇರಿ ಕಳಿತ ಗೊಬ್ಬರದಲ್ಲಿ ಅವು ಬಹುಪಾಲು ಸಾಯುತ್ತವೆ. ಬದುವಿನ ಮೇಲಿನ ಕಾಂಗ್ರೆಸ್ ಹುಲ್ಲು, ಅಂದರೆ ಮರಾಠಿಗರ ಗಾಜರ ಗವತ, ಹುಟ್ಟಿದ ಸುಮಾರು ಒಂದು ತಿಂಗಳಲ್ಲೇ ಹೂಬಿಡತೊಡಗುತ್ತದೆ. ಒಂದು ಗಿಡ 10,000ಕ್ಕೂ ಮಿಕ್ಕಿ ಬೀಜ ಕೊಡಬಲ್ಲದು. ಅದರ ಸೋಂಕಿನಿಂದ ಚರ್ಮದ ತುರಿಕೆ, ಉಬ್ಬಸ ಬರುವುದರಿಂದ ಕೈಚೀಲ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೂವಾಗುವ ಮೊದಲೇ ಬೇರುಸಹಿತ ಕಿತ್ತುಹಾಕಬೇಕು. ಬದು ಎರಡು ಹೊಲಗಳ ನಡುವಿನದು. ಒಬ್ಬರೇ ಕಿತ್ತರೆ ಗಾಳಿ, ನೀರು ಪಕ್ಕದ ಹೊಲದ ಬೀಜವನ್ನು ಮತ್ತೆ ತಂದು ಬಿತ್ತುತ್ತವೆ.